ಜೋರ್ಡಾನ್‌ಗೆ ಹೋಗೋದಾ, ಬೇಡ್ವಾ? ನಾವು ಹಾಕಿದ ಲೆಕ್ಕ

2024ರ ನವೆಂಬರ್‌ಗೆ ಜೋರ್ಡಾನ್ ರಾಜಧಾನಿ ಅಮ್ಮಾನ್‌ಗೆ ಟಿಕೆಟ್ ಮಾಡಿಸಿಟ್ಟಿದ್ದೆವು, ನಾನು ಮತ್ತು ಅಮ್ಮ. ಅಕ್ಟೋಬರ್ 1ರ ರಾತ್ರಿ ಇರಾನ್ ಇಸ್ರೇಲ್ ಮೇಲೆ ಸುಮಾರು 180 ಕ್ಷಿಪಣಿ ಹಾರಿಸಿತು. ಜೋರ್ಡಾನ್ ಇರುವುದು ಅವೆರಡರ ನಡುವೆ. ಅಮ್ಮಾನ್ ಆಕಾಶದಲ್ಲಿ ಬೆಂಕಿಯ ಗೆರೆಗಳು ಓಡುವುದನ್ನು ಟಿವಿಯಲ್ಲಿ ನೋಡಿ ಅಣ್ಣ ಫೋನ್ ಮಾಡಿದ. ‘ಸುಮ್ನೆ ಕ್ಯಾನ್ಸಲ್ ಮಾಡು. ಈ ವಯಸ್ಸಲ್ಲಿ ಅಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?’ ನನಗೂ ಹೆದರಿಕೆ ಆಗಿತ್ತು, ಸುಳ್ಳು ಹೇಳಲ್ಲ.

ಎಲ್ಲರ ಮಾತು ಕೇಳಿಸಿಕೊಂಡ ಅಮ್ಮ ಒಂದೇ ಪ್ರಶ್ನೆ ಕೇಳಿದರು. ‘ಅಲ್ಲಿ ಸಿಕ್ಕಿಹಾಕ್ಕೊಂಡ್ರೆ ಎಷ್ಟು ದಿನ ಆಗಬಹುದು? ನನ್ನ ಬಿಪಿ ಮಾತ್ರೆ ಸಾಕಾಗುತ್ತಾ?’

ಅಲ್ಲಿಯವರೆಗೆ ನಾವು ಮಾತಾಡುತ್ತಿದ್ದುದು ಬರೀ ‘ಏನಾದರೂ ಆದರೆ’ ಅಂತ. ಆ ಏನಾದರೂ ಅಂದರೆ ಏನು ಅಂತ ಯಾರೂ ಕೇಳಿರಲಿಲ್ಲ. ಅವತ್ತು ರಾತ್ರಿ ಕೂತು ಬಿಡಿಸಿ ನೋಡಿದೆ. ಏಪ್ರಿಲ್ 13ರ ರಾತ್ರಿಯೂ ಹೀಗೇ ಆಗಿತ್ತು, ಆಗ ಜೋರ್ಡಾನ್ ವಾಯುಮಾರ್ಗ ಮುಚ್ಚಿ ಮರುದಿನ ತೆರೆದಿತ್ತು. ಹೊಡೆದುರುಳಿಸಿದ ಕ್ಷಿಪಣಿಯ ಚೂರುಗಳು ಅಮ್ಮಾನ್‌ನಲ್ಲಿ ಬಿದ್ದಿದ್ದೂ ನಿಜ, ಅದನ್ನು ಮುಚ್ಚಿಡಬಾರದು. ಅಕ್ಟೋಬರ್‌ನಲ್ಲಿ ಕೆಲವೇ ಗಂಟೆಗಳ ಕಾಲ ವಿಮಾನ ನಿಂತವು. ಅಂದರೆ ನಮ್ಮ ಮೇಲೆ ಏನಾದರೂ ಬೀಳುವ ಸಂಭವ ಇದೆ, ಆದರೆ ತೀರಾ ಕಡಿಮೆ. ವಿಮಾನ ಸಿಗದೆ ಎರಡು ಮೂರು ದಿನ ಅಲ್ಲೇ ಕೂರಬೇಕಾಗುವ ಸಂಭವ ಅದಕ್ಕಿಂತ ತುಂಬಾ ಜಾಸ್ತಿ. ಮೊದಲನೆಯದಕ್ಕೆ ನಾವು ಮಾಡಬಹುದಾದದ್ದು ಕಡಿಮೆ. ಎರಡನೆಯದಕ್ಕೆ ಬೇಕಾದಷ್ಟು ತಯಾರಿ ಮಾಡಿಕೊಳ್ಳಬಹುದು, ಅಲ್ವಾ?

ಹಾಗಾಗಿ ಹೋಗುವವರಿಗೆ ನನ್ನ ಮೊದಲ ಮಾತು: ಹೆದರಿಕೊಂಡು ತಕ್ಷಣ ನೀವೇ ಟಿಕೆಟ್ ಕ್ಯಾನ್ಸಲ್ ಮಾಡಬೇಡಿ. ನೀವಾಗಿ ಮಾಡಿದರೆ ಟಿಕೆಟ್‌ನ ನಿಯಮದಂತೆ ಹಣ ಕಡಿತವಾಗುತ್ತದೆ, ಕಂಪನಿಯೇ ವಿಮಾನ ರದ್ದು ಮಾಡಿದರೆ ಸಾಮಾನ್ಯವಾಗಿ ಹಣ ವಾಪಸ್ ಬರುತ್ತದೆ. ಕೊನೆಯವರೆಗೂ ಕಾಯಿರಿ. ಹೋಟೆಲ್‌ಗಳನ್ನು ಉಚಿತವಾಗಿ ರದ್ದು ಮಾಡಬಹುದಾದ ದರದಲ್ಲೇ ಹಿಡಿಯಿರಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ನಡುವೆ ವಿಮಾನ ಬದಲಿಸುವುದಿದ್ದರೆ ಪೂರ್ತಿ ಪ್ರಯಾಣ ಒಂದೇ ಟಿಕೆಟ್‌ನಲ್ಲಿ ಇರಲಿ. ಬೇರೆ ಬೇರೆ ಟಿಕೆಟ್ ತೆಗೆದುಕೊಂಡು ಮೊದಲನೆಯದು ತಡವಾದರೆ ಎರಡನೆಯದರ ನಷ್ಟ ನಿಮ್ಮದೇ.

ವಿಮೆ ವಿಷಯದಲ್ಲಿ ನಾವು ಮೋಸ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಏಜೆಂಟ್ ‘ಎಲ್ಲಾ ಕವರ್ ಆಗುತ್ತೆ’ ಅಂದಿದ್ದರು. ಪಾಲಿಸಿ ಕಾಗದ ತರಿಸಿ ಪೂರ್ತಿ ಓದಿದಾಗ ಯುದ್ಧಕ್ಕೆ ಸಂಬಂಧಪಟ್ಟ ಯಾವುದೂ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಹೆಚ್ಚಿನ ಪ್ರವಾಸ ವಿಮೆಗಳಲ್ಲಿ ಇದು ಹೀಗೇ ಇರುತ್ತದೆ. ಆದರೂ ತೆಗೆದುಕೊಂಡೆವು, ಕಾಲು ಮುರಿದರೆ, ಜ್ವರ ಬಂದರೆ ಅದು ಬೇಕೇ ಬೇಕು. ಸಿಕ್ಕಿಹಾಕಿಕೊಂಡರೆ ಆಗುವ ಖರ್ಚಿಗೆ ಅಂತ ಐದು ದಿನದ ಹಣವನ್ನು ಬೇರೆ ಕಾರ್ಡ್‌ನಲ್ಲಿ ಇಟ್ಟೆವು, ಮುಟ್ಟಲಿಲ್ಲ. ಅಮ್ಮನ ಮಾತ್ರೆ ಎರಡು ವಾರಕ್ಕೆ ಜಾಸ್ತಿ, ಡಾಕ್ಟರ ಚೀಟಿಯ ಜೊತೆ, ಕೈಚೀಲದಲ್ಲೇ. ಭಾರತದ ರಾಯಭಾರ ಕಚೇರಿ ಅಮ್ಮಾನ್‌ನಲ್ಲೇ ಇದೆ. ಅದರ ತುರ್ತು ನಂಬರ್ ಮತ್ತು ಅಲ್ಲಿನ ತುರ್ತು ಸೇವೆಯ 911 ಎರಡನ್ನೂ ಕಾಗದದಲ್ಲಿ ಬರೆದುಕೊಳ್ಳಿ.

ಇನ್ನೊಂದು ವಿಷಯ. ‘ವಿಮಾನ ನಿಂತರೆ ಅಕಾಬಾ ಬಂದರಿನಿಂದ ಹಡಗಲ್ಲಿ ಈಜಿಪ್ಟ್‌ಗೆ ಹೋಗಬಹುದು, ಇಲ್ಲಾಂದ್ರೆ ರಸ್ತೆಯಲ್ಲಿ ಸೌದಿಗೆ’ ಅಂತ ಸಲಹೆ ಕೊಡುವವರು ಸಿಗುತ್ತಾರೆ. ನಕ್ಷೆಯಲ್ಲಿ ದಾರಿ ಇದೆ, ನಿಜ. ಆದರೆ ಕೈಯಲ್ಲಿ ಆ ದೇಶದ ವೀಸಾ ಇಲ್ಲದಿದ್ದರೆ ಅದು ನಿಮಗೆ ದಾರಿಯೇ ಅಲ್ಲ. ಮೊದಲೇ ನೋಡಿಕೊಳ್ಳಿ.

ಸರ್ಕಾರಗಳು ಕೊಡುವ ಪ್ರಯಾಣ ಸೂಚನೆಗಳನ್ನು ಓದುವಾಗ ಮೇಲಿನ ಒಂದು ಸಾಲು ಓದಿ ನಿಲ್ಲಿಸಬೇಡಿ. ಇಡೀ ದೇಶದ ಬಗ್ಗೆ ಹೇಳುತ್ತಿದ್ದಾರಾ, ಒಂದು ಜಾಗದ ಬಗ್ಗೆಯಾ ಅಂತ ನೋಡಿ. ಬ್ರಿಟನ್‌ನ ಸೂಚನೆಯಲ್ಲಿ ಸಿರಿಯಾ ಗಡಿಯಿಂದ 3 ಕಿಲೋಮೀಟರ್ ಒಳಗಿನ ಜಾಗವನ್ನು ಬೇರೆಯಾಗಿ ಹೆಸರಿಸಿದ್ದರು. ನಾವು ಹೋಗಬೇಕಿದ್ದ ಪೆಟ್ರಾ, ಅಂದರೆ ಬಂಡೆಯಲ್ಲಿ ಕೊರೆದ ಹಳೆಯ ನಗರ, ಅಮ್ಮಾನ್‌ನಿಂದ ತೆಂಕಣಕ್ಕೆ ಸುಮಾರು 230 ಕಿಲೋಮೀಟರ್, ಸಿರಿಯಾ ಇರುವುದು ಬಡಗಣಕ್ಕೆ. ಹೀಗೆ ನಕ್ಷೆ ಇಟ್ಟುಕೊಂಡು ತೋರಿಸಿದ ಮೇಲೆ ಅಣ್ಣ ಸ್ವಲ್ಪ ಸಮಾಧಾನವಾದ. ಹೊರಡುವ ಹಿಂದಿನ ದಿನ ವಾಯುಮಾರ್ಗ ಮುಚ್ಚಿದ್ದರೆ, ಅಥವಾ ರಾಯಭಾರ ಕಚೇರಿ ಬರಬೇಡಿ ಅಂದರೆ, ಚರ್ಚೆಯಿಲ್ಲದೆ ಮನೆಯಲ್ಲೇ ಇರುವುದು ಅಂತ ಮೂವರೂ ಮೊದಲೇ ಒಪ್ಪಿಕೊಂಡೆವು. ಇದನ್ನು ಶಾಂತವಾಗಿದ್ದಾಗಲೇ ತೀರ್ಮಾನ ಮಾಡಬೇಕು. ಗಾಬರಿಯಲ್ಲಿದ್ದಾಗ ಆಗಲ್ಲ.

ಹೋದೆವು. ಅಮ್ಮಾನ್‌ನಲ್ಲಿ ಇಳಿದ ಮೇಲೆ ಮೊದಲ ತೊಂದರೆ ಫೋನ್‌ನಲ್ಲಿ ಬಂತು. ಮ್ಯಾಪ್ ತೆರೆದರೆ ನಾವು ಲೆಬನಾನ್‌ನ ಬೈರೂತ್ ವಿಮಾನ ನಿಲ್ದಾಣದಲ್ಲಿ ಇದ್ದೇವೆ ಅಂತ ತೋರಿಸಿತು! ಯುದ್ಧದ ಕಾರಣಕ್ಕೆ ಆ ಭಾಗದಲ್ಲಿ ಜಿಪಿಎಸ್ ಸಂಕೇತಗಳನ್ನು ಕೆಡಿಸುತ್ತಿದ್ದರು. ಕ್ಯಾಬ್ ಕರೆಸುವುದಕ್ಕೂ ಕಷ್ಟವಾಯಿತು. ಹೋಟೆಲ್‌ನ ಹೆಸರು, ವಿಳಾಸವನ್ನು ಅರಬಿಯಲ್ಲಿ ಬರೆಸಿ ಇಟ್ಟುಕೊಳ್ಳಿ. ಮಾಮೂಲಿ ಟ್ಯಾಕ್ಸಿಯವರಿಗೆ ತೋರಿಸಿದರೆ ಸಾಕು.

ವೀಸಾ, ಪ್ರವಾಸಿ ತಾಣಗಳ ಪ್ರವೇಶ ಟಿಕೆಟ್ ಎರಡಕ್ಕೂ ಸೇರಿಸಿ ಜೋರ್ಡಾನ್ ಪಾಸ್ ತೆಗೆದುಕೊಂಡಿದ್ದೆವು. ಪೆಟ್ರಾದಲ್ಲಿ ಒಂದು ದಿನಕ್ಕಾದರೆ 70 ದಿನಾರ್, ಎರಡು ದಿನಕ್ಕೆ 75. ದೇಶಕ್ಕೆ ಬರುವ ಮುಂಚೆಯೇ ಕೊಂಡು, ಕನಿಷ್ಠ ಮೂರು ರಾತ್ರಿ ಉಳಿದರೆ ವೀಸಾ ಶುಲ್ಕ ಇಲ್ಲ. ಎರಡು ದಿನದ್ದೇ ತೆಗೆದುಕೊಳ್ಳಿ, ಯಾಕೆ ಅಂತ ಹೇಳ್ತೀನಿ.

ಕ್ಷಿಪಣಿ ಬಗ್ಗೆ ಒಂದು ತಿಂಗಳು ಯೋಚಿಸಿದ್ದ ನಾನು ನೀರಿನ ಬಗ್ಗೆ ಒಂದು ಗಂಟೆಯೂ ಯೋಚಿಸಿರಲಿಲ್ಲ. ಪೆಟ್ರಾಕ್ಕೆ ಹೋಗುವ ದಾರಿ ಸಿಕ್, ಒಂದು ಕಿಲೋಮೀಟರ್‌ಗಿಂತ ಉದ್ದದ ಕಿರಿದಾದ ಕಲ್ಲಿನ ಸೀಳು. ದೂರದ ಬೆಟ್ಟದಲ್ಲಿ ಮಳೆ ಬಂದರೂ ನೀರು ಇದರೊಳಗೆ ನುಗ್ಗಬಹುದು. 1963ರಲ್ಲಿ ಹೀಗೆ ಬಂದ ಪ್ರವಾಹದಲ್ಲಿ ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗರು ಸತ್ತರು. ಆಮೇಲೆ ಸಿಕ್‌ನ ಬಾಯಲ್ಲಿ ಅಣೆಕಟ್ಟು ಕಟ್ಟಿ ನೀರನ್ನು ಬೇರೆ ಕಡೆ ತಿರುಗಿಸಿದ್ದಾರೆ. ಆದರೂ 2018ರ ನವೆಂಬರ್‌ನಲ್ಲಿ ಪ್ರವಾಹ ಬಂದು ಸಾವಿರಾರು ಪ್ರವಾಸಿಗರನ್ನು ಹೊರಗೆ ಕಳಿಸಬೇಕಾಯಿತು. ಅಂದರೆ ನಾವು ಹೋಗಿದ್ದ ತಿಂಗಳೇ.

ಮೊದಲ ದಿನ ಹನ್ನೊಂದು ಗಂಟೆಗೆ ಮೋಡ ಕವಿಯಿತು. ಕಾವಲಿನವರು ಎಲ್ಲರನ್ನೂ ವಾಪಸ್ ಹೋಗಿ ಅಂದರು. ಒಬ್ಬರು ‘ಐದೇ ನಿಮಿಷ, ಒಂದು ಫೋಟೋ’ ಅಂತ ವಾದ ಮಾಡುತ್ತಿದ್ದರು. ಅಮ್ಮ ನನ್ನ ಕೈ ಹಿಡಿದು ‘ನಡಿ’ ಅಂದರು, ಒಂದು ಮಾತು ಜಾಸ್ತಿ ಆಡಲಿಲ್ಲ. ನಾವು ಮೇಲೆ ಬಂದು ಅರ್ಧ ಗಂಟೆಯಾದ ಮೇಲೆ ಮಳೆ ಹೊಡೆಯಿತು.

ಮರುದಿನ ಬಿಸಿಲು. ಬೆಳಿಗ್ಗೆ ಆರೂವರೆಗೆ ಒಳಗೆ ಹೋದಾಗ ‘ಖಜಾನೆ’ ಅಂತ ಕರೆಯುವ, ಬಂಡೆಯಲ್ಲಿ ಕೊರೆದ ಕಟ್ಟಡದ ಮುಂದೆ ಹತ್ತು ಜನವೂ ಇರಲಿಲ್ಲ. ಹಿಂದಿನ ವರ್ಷ ಹನ್ನೊಂದು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದ ಜಾಗ ಅದು. ಬೆಟ್ಟದ ಮೇಲಿರುವ, ‘ಮಠ’ ಅಂತ ಕರೆಯುವ ಇನ್ನೊಂದು ಕಟ್ಟಡದವರೆಗೆ ಎಂಟುನೂರಕ್ಕೂ ಜಾಸ್ತಿ ಮೆಟ್ಟಿಲು, ಅಮ್ಮ ಅರ್ಧದಲ್ಲಿ ನಿಂತರು. ಅಲ್ಲೇ ಒಬ್ಬ ಬೆದೂಯಿ (ಮರುಭೂಮಿಯ ಅರಬ್ ಬುಡಕಟ್ಟಿನ) ಅಜ್ಜಿ ಚಹಾ ಕೊಟ್ಟು, ವಾರವಿಡೀ ಹೀಗೇ ಖಾಲಿ ಅಂತ ಕೈಯಲ್ಲೇ ತೋರಿಸಿದರು. ಅಮ್ಮ ಅವರ ಪಕ್ಕದಲ್ಲೇ ಕೂತರು. ನಾನು ಮೇಲೆ ಹೋಗಿ ಬರುವವರೆಗೆ ಇಬ್ಬರೂ ಮಾತಾಡುತ್ತಲೇ ಇದ್ದರು, ಒಬ್ಬರದು ಅರಬಿ, ಒಬ್ಬರದು ಕನ್ನಡ.