ಮಳೆ ಬಿಟ್ಟ ಮೇಲಿನ ತೋಟ

ಶಿರಸಿಯಲ್ಲಿ ಮಳೆ ಹಿಂದೆ ಸರಿಯಿತು. ಬೆಳಿಗ್ಗೆ ಇಬ್ಬನಿ, ಹತ್ತು ಗಂಟೆಗೆಲ್ಲ ಚುರುಕು ಬಿಸಿಲು. ಈಗ ನನಗೆ ಚಿಂತೆ ಎಳೆ ಅಡಿಕೆ ಮರಗಳದ್ದೇ. ಇನ್ನು ಬೇಸಿಗೆವರೆಗೂ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮಧ್ಯಾಹ್ನದ ಮೇಲಿನ ಬಿಸಿಲು ನೈಋತ್ಯದ ಕಡೆಯಿಂದ ನೇರ ಕಾಂಡಕ್ಕೇ ಬಡಿಯುತ್ತದೆ. ಅಲ್ಲಿ ಮೊದಲು ಹಳದಿ ಮಚ್ಚೆ, ಆಮೇಲೆ ಕಂದು ಬಣ್ಣ, ಕೊನೆಗೆ ಸೀಳು. ಮರ ಆ ವರ್ಷವೇ ಬೀಳುವುದಿಲ್ಲ. ಮುಂದೆಂದೋ ಜೋರು ಗಾಳಿಗೆ ಅದೇ ಜಾಗದಲ್ಲಿ ಮುರಿಯುತ್ತದೆ. ಅದಕ್ಕೇ ಈಗಲೇ ಕಾಂಡಕ್ಕೆ ಅಡಿಕೆ ಹಾಳೆ ಕಟ್ಟಬೇಕು, ಇಲ್ಲವೇ ಸುಣ್ಣ ಬಳಿಯಬೇಕು.

ಗೊಬ್ಬರದ ಎರಡನೇ ಕಂತೂ ಈಗಲೇ. ಫಲ ಕೊಡುವ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಅನ್ನುವುದು ಸಾಮಾನ್ಯ ಶಿಫಾರಸು. ಮಣ್ಣಲ್ಲಿ ಹಸಿ ಇರುವಾಗಲೇ ಕೊಡಬೇಕು, ಮೇಲೆ ಬೆಟ್ಟದ ಸೊಪ್ಪು ಮುಚ್ಚಬೇಕು.

ಭೂಮಿ ಹುಣ್ಣಿಮೆಯಲ್ಲಿ ಭೂಮಿಯನ್ನು ಬಸುರಿ ಅಂತ ಪೂಜಿಸಿ ಬಯಕೆ ಉಣಿಸುತ್ತೇವೆ ಅಲ್ವಾ? ಬುಡಕ್ಕೆ ಸೊಪ್ಪು ಹಾಕುವಾಗ ನನಗೆ ಅದೇ ನೆನಪಾಗುತ್ತದೆ. ಹಬ್ಬದ ದಿನ ಬಡಿಸಿದ್ದನ್ನು ಉಳಿದ ದಿನವೂ ಬಡಿಸಬೇಕಲ್ಲ.

ನಿಮ್ಮ ಕಡೆ ಎಳೆ ಮರಕ್ಕೆ ಹಾಳೆಯೋ, ಸುಣ್ಣವೋ?