ಬೆಂಕಿ ಆರಿದ ಮೇಲಿನ ಮೂರು ದಿನ

ಸಂಡೂರಿನ ಗುಡ್ಡದ ಒಣಹುಲ್ಲಿಗೆ ಬಿದ್ದ ಕಿಡಿಯಾಗಲಿ, ಸಿಂಧನೂರು, ಕಾರಟಗಿ ಕಡೆ ಭತ್ತದ ಕೂಳೆಗೆ ಹಚ್ಚಿದ ಬೆಂಕಿಯಾಗಲಿ, ಗಾಳಿ ತಿರುಗಿದರೆ ಬಣವೆ, ಕೊಟ್ಟಿಗೆ, ಗುಡಿಸಲು ಎಲ್ಲವನ್ನೂ ತಿನ್ನುತ್ತದೆ. ಮರುದಿನ ಊರಿಗೆ ಮೊದಲು ಬಂದಿಳಿಯುವುದು ಹಳೇ ಬಟ್ಟೆಯ ಗಂಟು. ಆದರೆ ಬೇಕಾದದ್ದು ಪರಿಹಾರಕ್ಕೆ ಕಾಗದ, ದನಕ್ಕೆ ಮೇವು.

ಬಣವೆ ಬೂದಿಯಾಗಿದ್ದರೂ 112ಕ್ಕೆ ಕರೆ ಮಾಡಿ. ಗುಡ್ಡದ ಬೆಂಕಿಯಾದರೆ ಅರಣ್ಯ ಇಲಾಖೆಯ 1926 ಇದೆ. ಕರೆಯ ದಾಖಲೆ ಇಲ್ಲದಿದ್ದರೆ ಬೆಂಕಿ ಬಿದ್ದದ್ದು ಯಾವತ್ತು ಎಂಬಲ್ಲಿಂದಲೇ ತಕರಾರು ಶುರು. ಗ್ರಾಮ ಆಡಳಿತಾಧಿಕಾರಿ ಬಂದು ಪಂಚನಾಮೆ ಮಾಡುವವರೆಗೆ ಬೂದಿ ಗುಡಿಸಿ ತೆಗೆಯಬೇಡಿ. ಸುಟ್ಟ ಜಾಗದ ಫೋಟೊದಲ್ಲಿ ಗುರುತಿಗೆ ಪಕ್ಕದ ಮನೆಯೋ ಬೇವಿನ ಮರವೋ ಕಾಣುವಂತಿರಲಿ.

ಹೆಚ್ಚಿನವರು ಎಡವುವುದು ಸತ್ತ ದನದ ವಿಷಯದಲ್ಲಿ. ಏಪ್ರಿಲ್ ಬಿಸಿಲಿಗೆ ಸಂಜೆಯೊಳಗೆ ಹೊಟ್ಟೆ ಉಬ್ಬುತ್ತದೆ, ವಾಸನೆಗೆ ಹೆದರಿ ಹೂಳಿಬಿಡುತ್ತಾರೆ. ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಪರಿಹಾರ ಕೈಗೆ ಬರುವುದು ಕಷ್ಟ. ಬೆಳಿಗ್ಗೆಯೇ ಪಶುವೈದ್ಯರನ್ನು ಕರೆಸಿ, ದನದ ಕಿವಿಯೋಲೆಯ (ಟ್ಯಾಗ್) ನಂಬರು ಬರೆದಿಟ್ಟುಕೊಳ್ಳಿ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022-23ರಿಂದ 2025-26ರವರೆಗಿನ ದರದಂತೆ ಎಮ್ಮೆ, ಆಕಳಿಗೆ 37,500 ರೂ., ಎತ್ತಿಗೆ 32,000, ಕುರಿ, ಮೇಕೆಗೆ ತಲಾ 4,000 (ಒಂದು ಕುಟುಂಬಕ್ಕೆ 30ರವರೆಗೆ), ಗುಡಿಸಲಿಗೆ 8,000. ಮನುಷ್ಯರು ಸತ್ತರೆ 4 ಲಕ್ಷ. ಬೆಳೆ ವಿಮೆ ಮಾಡಿಸಿದ್ದರೆ 72 ಗಂಟೆಯೊಳಗೆ ತಿಳಿಸಬೇಕು. ಆದರೆ ಅದು ಸಿಡಿಲಿನಂಥ ನೈಸರ್ಗಿಕ ಬೆಂಕಿಗೆ ಮಾತ್ರ, ಪಕ್ಕದ ಹೊಲದವರು ಹಚ್ಚಿದ ಕೂಳೆಗಲ್ಲ. ಕರೆಂಟ್ ತಂತಿಯ ಕಿಡಿಯಾದರೆ ವಿದ್ಯುತ್ ಕಂಪನಿ ಜೆಸ್ಕಾಂನ ಶಾಖಾ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಬಾಯಿಮಾತು ಸಾಲದು. ಆಧಾರ್ ಜೋಡಣೆಯಾಗದ ಖಾತೆಯಾದರೆ ಮಂಜೂರಾದ ಹಣವೂ ವಾಪಸ್ ಹೋಗುತ್ತದೆ. ಕಾರ್ಡು ಸುಟ್ಟಿದ್ದರೆ ಇ-ಆಧಾರ್ ತೆಗೆಸಿಕೊಡುವುದೂ ದೊಡ್ಡ ಸಹಾಯವೇ.

ಆ ದರಪಟ್ಟಿಯಲ್ಲಿ ಸುಟ್ಟ ಬಣವೆಗೆ ಪ್ರತ್ಯೇಕ ಮೊತ್ತವಿಲ್ಲ. ಅದನ್ನು ತುಂಬಿಕೊಡುವವರು ಅಕ್ಕಪಕ್ಕದ ಊರಿನವರೇ. ದೊಡ್ಡ ದನ ಒಂದಕ್ಕೆ ದಿನಕ್ಕೆ 5ರಿಂದ 6 ಕೆಜಿ ಒಣಮೇವು ಎಂದು ಹಿಡಿದರೆ, ಒಂದು ಜೋಡಿ ಎತ್ತು, ಒಂದು ಎಮ್ಮೆ ಇರುವ ಮನೆಗೆ ತಿಂಗಳಿಗೆ ಸುಮಾರು 5 ಕ್ವಿಂಟಲ್. ಮುಂಗಾರಿನ ಹಸಿರು ಏಳುವವರೆಗೆ ಲೆಕ್ಕ ಹಾಕಿ ಕಳಿಸಿ. ಗಂಗಾವತಿ ಕಡೆಯ ಭತ್ತದ ಹುಲ್ಲು ಸುಲಭವಾಗಿ ಸಿಗುತ್ತದೆ, ಆದರೆ ಬರೀ ಅದನ್ನೇ ತಿಂದರೆ ಎಮ್ಮೆಯ ಹಾಲು ಕಡಿಮೆಯಾಗುತ್ತದೆ. ಜೊತೆಗೆ ಜೋಳದ ಕಣಕಿ (ಒಣ ದಂಟು), ಒಂದಷ್ಟು ಹತ್ತಿಕಾಳು ಹಿಂಡಿ ಇರಲಿ.

ಅರ್ಧ ಸುಟ್ಟ ಬಣವೆಯ ಮೇವನ್ನು ದನಕ್ಕೆ ಹಾಕಬೇಡಿ. ಬೆಂಕಿಗೆ ಹೊಯ್ದ ನೀರು ಒಳಗೆ ನಿಂತು ಬೂಸ್ಟು ಹಿಡಿದಿರುತ್ತದೆ. ಮೇಲೆ ತಣ್ಣಗಿದ್ದರೂ ನಡುವೆ ಕೆಂಡ ಎರಡು ಮೂರು ದಿನ ಉಸಿರಾಡುತ್ತಿರುತ್ತದೆ. ಪಂಚನಾಮೆ ಮುಗಿದ ಕೂಡಲೇ ಕೊಕ್ಕೆಯಿಂದ ಎಳೆದು ಹರವಿ, ನೀರು ಹೊಯ್ದು, ಮತ್ತೆ ತಿರುವಿ ಹಾಕಿ. ಹೊಸ ಮೇವಿನ ಟ್ರ್ಯಾಕ್ಟರನ್ನು ಅದೇ ಜಾಗದಲ್ಲಿ ಖಾಲಿ ಮಾಡಿಸಬೇಡಿ, ತಂತಿಯ ಕೆಳಗಂತೂ ಬೇಡವೇ ಬೇಡ.