ಗಡುಸು ನೀರಿನ ಲಂಡನ್ನಿನಲ್ಲಿ ಕಾಳು ಬೇಯಿಸುವುದು

ಬೋರ್‌ವೆಲ್ ನೀರಲ್ಲಿ ಬೇಳೆ ಬೇಯಲ್ಲ ಅಂತ ಅಡುಗೆಗೆ ಕಾವೇರಿ ನೀರನ್ನೇ ಹಿಡಿದಿಡುವುದು ಮಂಡ್ಯ ಕಡೆಯವರಿಗೆ ಹೊಸದೇನಲ್ಲ. ಲಂಡನ್ನಿನ ನಲ್ಲಿ ನೀರು ನಮ್ಮ ಬೋರ್‌ವೆಲ್ ನೀರಿನ ಜಾತಿಯದೇ. ಕೆಟಲ್ ತಳ ನೋಡಿದರೆ ಗೊತ್ತಾಗುತ್ತದೆ, ಬೇಗನೆ ಬಿಳಿ ಸುಣ್ಣ ಕಟ್ಟಿರುತ್ತದೆ. ಈ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಪೆಕ್ಟಿನ್‌ಗೆ (ಜೀವಕೋಶಗಳನ್ನು ಹಿಡಿದಿಡುವ ಅಂಟಿಗೆ) ಅಂಟಿಕೊಂಡು ಅದನ್ನು ಬಿಗಿ ಮಾಡುತ್ತವೆ. ಆಮೇಲೆ ಎಷ್ಟು ಕುದಿಸಿದರೂ ಸಿಪ್ಪೆ ಚರ್ಮದ ಹಾಗೇ ಇರುತ್ತದೆ. ಗ್ಲಾಸ್ಗೋದಲ್ಲಿ ಈ ಕಾಟ ಇಲ್ಲ, ಅಲ್ಲಿಗೆ ಬರುವುದು ಲಾಖ್ ಕ್ಯಾಟ್ರಿನ್ ಸರೋವರದ ಮೆದು ನೀರು.

ಮೊದಲ ಉಪಾಯ ಉಪ್ಪು. ಉಪ್ಪು ಮೊದಲೇ ಹಾಕಿದರೆ ಕಾಳು ಬೇಯಲ್ಲ ಅನ್ನುವ ಮಾತನ್ನು ಬಿಟ್ಟುಬಿಡಿ. 1 ಕಪ್ (ಸುಮಾರು 200 ಗ್ರಾಂ) ಒಣ ಅವರೆಗೋ ಅಲಸಂದೆಗೋ 1 ಲೀಟರ್ ನೀರು, 1 ಟೇಬಲ್ ಚಮಚ ಉಪ್ಪು ಹಾಕಿ ನೆನೆಸಿ. ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂ ಜಾಗ ಹಿಡಿಯುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ, ಒಡೆಯುವುದೂ ಕಡಿಮೆ. ಆ ನೀರು ಚೆಲ್ಲಿ, ಕಾಳು ತೊಳೆದು, ಒಮ್ಮೆ ಕುದಿಸಿ ಆರಿಸಿ ಮೇಲಿಂದ ಬಗ್ಗಿಸಿಕೊಂಡ ನೀರಲ್ಲಿ ಬೇಯಿಸಿ. ಸುಣ್ಣದ ಬಹುಪಾಲು ತಳದಲ್ಲೇ ಉಳಿಯುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಬೇಯುವ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ. ಅದಕ್ಕಿಂತ ಹೆಚ್ಚಾದರೆ ಸಾರು ಸೋಪಿನ ರುಚಿ ಹೊಡೆಯುತ್ತದೆ, ಕಾಳಿನ ಬಿ1 ಜೀವಸತ್ವವೂ ಹಾಳು.

ಇಷ್ಟೆಲ್ಲ ಮಾಡಿಯೂ ಗಟ್ಟಿಯಾಗೇ ಉಳಿದರೆ ಕಾಳು ಹಳೆಯದು. ಸೆಖೆ, ತೇವದಲ್ಲಿ ಬಹುಕಾಲ ಕೂತ ಕಾಳನ್ನು ಯಾವ ಕುಕ್ಕರೂ ಸರಿಮಾಡಲಾರದು. ಊರಿಂದ ಮಕ್ಕಳಿಗೆ ಕಟ್ಟಿ ಕಳಿಸುವಾಗ ಈ ಸುಗ್ಗಿಯ ಕಾಳನ್ನೇ ಕಳಿಸಿ.

ಹುಳಿ ಕೊನೆಗೆ. ಟೊಮೆಟೊ, ಹುಣಸೆ ಮೊದಲೇ ಬಿದ್ದರೆ ಕಾಳು ಮೆದುವಾಗುವುದು ನಿಧಾನ. ನಮ್ಮ ಉಪ್ಸಾರಿನ ಕ್ರಮವೇ ಇದಕ್ಕೆ ಸರಿ: ಕಾಳು ಸೊಪ್ಪು ಬರೀ ಉಪ್ಪು ನೀರಲ್ಲಿ ಬೇಯುತ್ತವೆ, ಹುಣಸೆ ಬರುವುದು ಖಾರದ ಜೊತೆ ಆಮೇಲೆ.

ಊರಿನ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯಲ್ಲಿ ಕಾಯುವುದಿಲ್ಲ, ತಳಕ್ಕೆ ಅಯಸ್ಕಾಂತ ಅಂಟಬೇಕು. ಎಲೆಕ್ಟ್ರಿಕ್ ಕುಕ್ಕರ್‌ನಲ್ಲಿ ಸೀಟಿ ಲೆಕ್ಕ ಇರುವುದಿಲ್ಲ, ಒತ್ತಡವೂ ನಮ್ಮ ಕುಕ್ಕರಿಗಿಂತ ಕಡಿಮೆ. ನೆನೆದ ಅಲಸಂದೆಗೆ 6ರಿಂದ 8 ನಿಮಿಷ, ಒಣ ಅವರೆಗೆ 10ರಿಂದ 12, ಕಡಲೆಕಾಳಿಗೆ 15ರಿಂದ 18, ಹುರುಳಿಗೆ 20. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ನೊರೆ ಉಕ್ಕಿ ಆವಿಯ ತೂತು ಮುಚ್ಚುತ್ತದೆ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ಅಡಗುತ್ತದೆ. ಒತ್ತಡ ತಾನಾಗಿ ಇಳಿಯಲಿ. ಅವಸರಕ್ಕೆ ಆವಿ ಬಿಟ್ಟರೆ ಕಾಳು ಸಿಡಿದು ಹಿಟ್ಟಾಗುತ್ತದೆ.

ಮೊಳಕೆ ಹುರುಳಿಗೆ ಮಾತ್ರ ಬೇರೆ ದಾರಿ: ನೆನೆಸುವ ನೀರಿಗೆ ಉಪ್ಪೂ ಬೇಡ, ಸೋಡಾವೂ ಬೇಡ, ಹಾಕಿದರೆ ಮೊಳಕೆ ಸರಿಯಾಗಿ ಬರುವುದಿಲ್ಲ. ಚಳಿಗಾಲದ ಅಡುಗೆಮನೆಯಲ್ಲಿ ಬಟ್ಟೆಗಂಟು ಸುಮ್ಮನೆ ಹಳಸುತ್ತದೆ. ಓವನ್ ಹಚ್ಚದೆ, ಒಳಗಿನ ದೀಪ ಮಾತ್ರ ಹಾಕಿ ಅದರಲ್ಲಿಡಿ, ದಿನಕ್ಕೆರಡು ಸಲ ತೊಳೆಯಿರಿ.

ಡಬ್ಬಿ ಕಾಳು ಅವಸರಕ್ಕೆ ಒದಗುತ್ತದೆ, ಇಲ್ಲ ಅನ್ನುವುದಿಲ್ಲ. 400 ಗ್ರಾಂ ಡಬ್ಬಿ ಬಸಿದರೆ ಸಿಗುವ 240 ಗ್ರಾಂ ಸುಮಾರು 100 ಗ್ರಾಂ ಒಣ ಕಾಳಿಗೆ ಸಮ. ಪಲ್ಯಕ್ಕೆ ಸಾಕು. ಬಸ್ಸಾರಿಗೆ ಆಗದು, ಕಟ್ಟು ಬರುವುದಿಲ್ಲವಲ್ಲ.

ರಾಜ್ಮಾ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಅದರ ಲೆಕ್ಟಿನ್ ವಿಷ ಅರೆಬೆಂದ ಕಾಳಲ್ಲಿ ಉಳಿದರೆ ಕೆಲವೇ ಗಂಟೆಯಲ್ಲಿ ವಾಂತಿ, ಭೇದಿ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ 30 ನಿಮಿಷ ಕೊತಕೊತ ಕುದಿಸಿ. ಕುಕ್ಕರ್‌ನಲ್ಲಿ ಚೆನ್ನಾಗಿ ಬೆಂದರೆ ಭಯವಿಲ್ಲ. ಇಲ್ಲಿನವರು ಬೆಳಿಗ್ಗೆ ಹಾಕಿ ಸಂಜೆ ತೆಗೆಯುವ ಸ್ಲೋ ಕುಕ್ಕರ್ ಕುದಿಯುವಷ್ಟು ಕಾಯದೇ ಹೋಗಬಹುದು. ಮೊದಲು ಬೇರೆ ಪಾತ್ರೆಯಲ್ಲಿ ಕುದಿಸದೆ ಅದಕ್ಕೆ ರಾಜ್ಮಾ ಹಾಕಲೇಬೇಡಿ.